ಸಂಪಾಜೆಯಿಂದ ಮೇಲೆ, ಕೇಬಲ್ ಹಿಡಿದು

ಮಂಗಳೂರಿನಿಂದ ಮಡಿಕೇರಿಗೆ ಬಸ್ ಹತ್ತಿದವರು ಸುಳ್ಯದವರೆಗೆ ನಿದ್ದೆ ಮಾಡ್ತಾರೆ, ಸಂಪಾಜೆ ಬಂದ ಮೇಲೆ ಎದ್ದು ಕೂರ್ತಾರೆ. ಅಲ್ಲಿಂದ ಘಾಟಿ ಶುರು. ಕೊಯನಾಡು, ಜೋಡುಪಾಲ, ಮದೆನಾಡು ಅಂತ ಒಂದೊಂದೇ ಊರು ಹತ್ತುತ್ತಾ ಹೋದ ಹಾಗೆ ಕಿವಿ ಕಟ್ಟುತ್ತದೆ, ಕಿಟಕಿ ಗಾಜಿನ ಮೇಲೆ ಮಂಜು ಕೂರುತ್ತದೆ, ಎಲ್ಲರ ಫೋನೂ ಹೊರಗೆ ಬರುತ್ತದೆ. ಝರಿಯ ವಿಡಿಯೊ ಬೇಕಲ್ಲ! ತೆಗೆದ ವಿಡಿಯೊ ಸ್ಟೇಟಸ್‌ಗೆ ಹಾಕೋಣ ಅಂದ್ರೆ ಮಾತ್ರ ಚಕ್ರ ಸುತ್ತುತ್ತಲೇ ಇರುತ್ತದೆ.

ನನ್ನ ಕಣ್ಣು ಇರೋದು ರಸ್ತೆಯ ಅಂಚಿನಲ್ಲಿ. ಹುಲ್ಲು, ಜರಿಗಿಡದ ನಡುವೆ ಅಲ್ಲಲ್ಲಿ ಮೊಣಕಾಲೆತ್ತರದ ಗುರುತಿನ ಕಲ್ಲುಗಳು ಕಾಣುತ್ತವೆ. ಕೆಲವು ವಾಲಿವೆ, ಕೆಲವಕ್ಕೆ ಪಾಚಿ ಹಿಡಿದು ಅಕ್ಷರವೇ ಹೋಗಿದೆ. ಅಕ್ಷರ ಉಳಿದಲ್ಲಿ ‘ಓಎಫ್‌ಸಿ’ ಅಂತ ಓದಬಹುದು. ಆಪ್ಟಿಕಲ್ ಫೈಬರ್ ಕೇಬಲ್. ಇಲ್ಲಿ ಅಗೆಯಬೇಡಿ, ಕೆಳಗೆ ಗಾಜಿನ ಎಳೆ ಇದೆ ಅಂತ ಜೆಸಿಬಿಯವರಿಗೆ ಹೇಳೋದಕ್ಕೆ ನೆಟ್ಟ ಕಲ್ಲು. (ಜೆಸಿಬಿಯವರು ಓದೋದು ಅಪರೂಪ.) ಪಕ್ಕದಲ್ಲಿ ಕೂತ ಗೆಳತಿ ಒಮ್ಮೆ ಕೇಳಿದ್ದಳು: ‘ಎಲ್ಲರೂ ಬೆಟ್ಟ ನೋಡ್ತಿದ್ರೆ ನೀನು ಚರಂಡಿ ನೋಡ್ತೀಯಲ್ಲ?’ ನನ್ನ ದೊಡ್ಡಪ್ಪ ದೊಡ್ಡಮ್ಮನ ಮನೆ ಮಕ್ಕಂದೂರು ದಾಟಿ ಹಟ್ಟಿಹೊಳೆಯ ಕಡೆ. ಮಳೆಗಾಲದಲ್ಲಿ ಆ ಮನೆಯಲ್ಲಿ ಅವರಿಬ್ಬರೇ. ಅಣ್ಣ ಟೊರಾಂಟೊದಲ್ಲಿ, ನಾನು ಬೆಂಗಳೂರಿನಲ್ಲಿ. ಚರಂಡಿ ಬದಿಯಲ್ಲಿ ಮಲಗಿರುವ ಇಂಥ ಎಳೆಗಳೇ ನಮ್ಮನ್ನು ಆ ಮನೆಗೆ ಕಟ್ಟಿಹಾಕಿರುವುದು. ನೋಡದೆ ಹೇಗಿರಲಿ?

ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ, ಕಡಲಂತೂ ಇಲ್ಲವೇ ಇಲ್ಲ. ಆದರೆ ದೊಡ್ಡಪ್ಪನ ದಿನ ಶುರುವಾಗೋದು ಲಂಡನ್‌ನಿಂದ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊದಲು ನೋಡೋದು ಹಿಂದಿನ ದಿನ ಲಂಡನ್‌ನಲ್ಲಿ ರೋಬಸ್ಟಾ ಎಷ್ಟಕ್ಕೆ ಮುಗಿಯಿತು ಅಂತ. ರೋಬಸ್ಟಾ ದರ ಲಂಡನ್ ಮಾರುಕಟ್ಟೆಯಲ್ಲಿ, ಅರೇಬಿಕಾ ದರ ನ್ಯೂಯಾರ್ಕ್‌ನಲ್ಲಿ ತೀರ್ಮಾನವಾಗುತ್ತದೆ. ಅದನ್ನು ನೋಡಿಕೊಂಡು ಸುಂಟಿಕೊಪ್ಪ, ಗೋಣಿಕೊಪ್ಪದ ವ್ಯಾಪಾರಿಗಳು 50 ಕೆ.ಜಿ. ಚೀಲದ ಚೆರಿಗೆ ಇವತ್ತಿನ ರೇಟು ಹೇಳುತ್ತಾರೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆ ಇದು. ಚೀಲ ಇವತ್ತು ಕೊಡೋದಾ, ಇನ್ನೊಂದು ವಾರ ಗೋದಾಮಿನಲ್ಲೇ ಇರಲಿಯಾ ಅನ್ನುವ ಮಾತು ಪ್ರತಿ ಮನೆಯ ಜಗಲಿಯಲ್ಲೂ ನಡೆಯುತ್ತದೆ. ನೆಟ್ ಇಲ್ಲದ ದಿನ ವ್ಯಾಪಾರಿ ಹೇಳಿದ್ದೇ ರೇಟು.

ಆ ಲಂಡನ್ ದರ ಬರುವ ದಾರಿಯನ್ನು ಒಮ್ಮೆ ದೊಡ್ಡಪ್ಪನಿಗೆ ವಿವರಿಸಿದ್ದೆ. ‘ಸ್ಯಾಟಲೈಟ್ ಅಲ್ಲವಾ?’ ಅಂದರು. ಬಹಳ ಜನ ಹಾಗೇ ಅಂದ್ಕೊಂಡಿದ್ದಾರೆ, ಆಕಾಶದಿಂದ ಬರ್ತದೆ ಅಂತ. ಖಂಡದಿಂದ ಖಂಡಕ್ಕೆ ಹೋಗುವ ಮಾಹಿತಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಸಮುದ್ರದ ತಳದ ಕೇಬಲ್‌ಗಳಲ್ಲೇ ಓಡುತ್ತದೆ. ಆಳ ಸಮುದ್ರದಲ್ಲಿ ಅದರ ದಪ್ಪ ತೋಟಕ್ಕೆ ನೀರು ಬಿಡುವ ಪೈಪಿನಷ್ಟು. ಒಳಗೆ ಕೂದಲೆಳೆಯಂಥ ಗಾಜಿನ ತಂತುಗಳು, ಅದರಲ್ಲಿ ಬೆಳಕು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ ಹತ್ತು ಸಾವಿರ ಕಿ.ಮೀ. ದಾಟಲು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಲಂಡನ್‌ನಿಂದ ಮುಂಬೈಗೆ ಕಣ್ಣು ಮಿಟುಕಿಸುವುದರೊಳಗೆ ಬಂದ ದರ, ಹಟ್ಟಿಹೊಳೆಯ ಕಡೆ ತಿರುಗುವ ತಿರುವಿನಲ್ಲಿ ಮರ ಬಿದ್ದಿದ್ದರೆ ಎರಡು ದಿನ ಅಲ್ಲೇ ನಿಂತಿರುತ್ತದೆ.

ಇನ್ನೊಂದು ಸಂಗತಿ ನನಗೆ ಈಗಲೂ ವಿಚಿತ್ರ ಅನ್ನಿಸುತ್ತದೆ. ಮಡಿಕೇರಿಯಿಂದ ಮಂಗಳೂರು ಕಡಲು ನೂರಾ ನಲವತ್ತು ಕಿ.ಮೀ. ಒಳಗೇ ಇದೆ. ಆದರೆ 2023ರ ಟ್ರಾಯ್ ಲೆಕ್ಕದಲ್ಲಿ ಭಾರತಕ್ಕೆ ಬರುವ 17 ಅಂತರರಾಷ್ಟ್ರೀಯ ಕೇಬಲ್‌ಗಳು ದಡ ಹತ್ತುವುದು ಐದೇ ಊರುಗಳಲ್ಲಿ: ಮುಂಬೈ, ಚೆನ್ನೈ, ಕೊಚ್ಚಿ, ತೂತುಕುಡಿ, ತಿರುವನಂತಪುರ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಇಡೀ ಕರಾವಳಿಯಲ್ಲಿ ಒಂದೂ ಇಲ್ಲ. ಹಾಗಾಗಿ ಅಣ್ಣನ ವಿಡಿಯೊ ಕಾಲ್ ಪಕ್ಕದ ಕಡಲಿನಿಂದ ಘಾಟಿ ಹತ್ತಿ ಬರೋದಿಲ್ಲ. ಎಲ್ಲೋ ದೂರದ ಊರಲ್ಲಿ ದಡ ಹತ್ತಿ, ನೆಲದಡಿಯ ಕೇಬಲ್‌ನಲ್ಲಿ ನೂರಾರು ಕಿ.ಮೀ. ಓಡಿ, ಆಮೇಲೆ ನಮ್ಮ ಬೆಟ್ಟ ಹತ್ತುತ್ತದೆ.

ಕೊನೆಯ ಮೂರು ಕಿ.ಮೀ. ನೆಲದಡಿಯಲ್ಲೂ ಇಲ್ಲ. ಕರೆಂಟ್ ಕಂಬದಿಂದ ಸಿಲ್ವರ್ ಓಕ್ ಮರಕ್ಕೆ, ಸಿಲ್ವರ್ ಓಕ್‌ನಿಂದ ಹಲಸಿನ ಮರಕ್ಕೆ ಕಟ್ಟಿದ ಕಪ್ಪು ಕೇಬಲ್ಲು. ಮೇಲೆ ಕರಿಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಅದನ್ನು ನೋಡಿಕೊಳ್ಳುವವನು ಕೇಬಲ್ ಹುಡುಗ. ವಯಸ್ಸು ಮೂವತ್ತು ದಾಟಿದೆ, ಎರಡು ಮಕ್ಕಳಿದ್ದಾರೆ, ಆದ್ರೂ ಸುತ್ತಲಿನ ಹಳ್ಳಿಗಳಿಗೆಲ್ಲ ಅವನು ‘ಕೇಬಲ್ ಹುಡುಗ’ನೇ.

ಹೋದ ವರ್ಷ ಕಕ್ಕಡ ತಿಂಗಳಲ್ಲಿ ನಾನು ಅಲ್ಲಿದ್ದೆ. ದೊಡ್ಡಮ್ಮ ಮದ್ದು ಸೊಪ್ಪಿನ ಪಾಯಸ ಮಾಡಿ, ಅದರ ನೇರಳೆ ಬಣ್ಣವನ್ನು ಅಣ್ಣನಿಗೆ ತೋರಿಸಿ ಹೊಟ್ಟೆ ಉರಿಸುವ ತಯಾರಿಯಲ್ಲಿದ್ದರು. ಹಿಂದಿನ ರಾತ್ರಿಯ ಗಾಳಿಗೆ ನೆಟ್ ಹೋಗಿತ್ತು. ಕಂಪನಿಯ ಸಹಾಯವಾಣಿಗೆ ಮೊಬೈಲ್‌ನಲ್ಲಿ ಫೋನ್ ಮಾಡಿದರೆ, ‘ನಿಮ್ಮ ರೌಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಅಂದರು. ಮನೆಯಲ್ಲಿ ಕರೆಂಟೇ ಇರಲಿಲ್ಲ, ರೌಟರ್ ಆಗಲೇ ಆಫ್ ಆಗಿತ್ತು. ಕೊನೆಗೆ ದೊಡ್ಡಪ್ಪ ಕೇಬಲ್ ಹುಡುಗನಿಗೇ ಫೋನ್ ಹಚ್ಚಿದರು.

‘ಎಲ್ಲಿ ಕಟ್ಟಾಗಿದೆ ಮಾರಾಯ?’

‘ಬಂದು ಹೊಡೆದು ನೋಡ್ಬೇಕು ಅಂಕಲ್. ಗುಡ್ಡದ ಮೇಲಿನ ಮನೆಯವರದ್ದೂ ಹೋಗಿದೆ.’

ಹೊಡೆದು ನೋಡೋದು ಅಂದರೆ ಬೆಳಕು ಹೊಡೆಯೋದು. ಅವನ ಚೀಲದಲ್ಲಿ ಟಿಫಿನ್ ಬಾಕ್ಸ್‌ನಷ್ಟು ದೊಡ್ಡ ಯಂತ್ರ ಇರ್ತದೆ, ಹೆಸರು ಓಟಿಡಿಆರ್. ಕೇಬಲ್‌ನ ಒಂದು ತುದಿಯಿಂದ ಅದು ಬೆಳಕಿನ ಮಿಂಚು ಬಿಡುತ್ತದೆ. ಎಳೆ ತುಂಡಾದ ಜಾಗದಲ್ಲಿ ಬೆಳಕಿನ ಒಂದಂಶ ಹೊಡೆದು ವಾಪಸ್ ಬರ್ತದೆ. ಹೋಗಿ ಬರಲು ಎಷ್ಟು ಹೊತ್ತಾಯ್ತು ಅಂತ ಲೆಕ್ಕ ಹಾಕಿ, ಇಷ್ಟು ಮೀಟರ್ ದೂರದಲ್ಲಿ ಕಟ್ ಆಗಿದೆ ಅಂತ ಪರದೆ ಮೇಲೆ ತೋರಿಸುತ್ತದೆ. ಬಾವಿಯೊಳಗೆ ಕೂಗಿ ಆಳ ಅಂದಾಜು ಮಾಡಿದ ಹಾಗೆ. ಆವತ್ತು 1,340 ಮೀಟರ್ ಅಂತ ಬಂತು. ಅಳೆದು ಹೋದರೆ, ಸಿಲ್ವರ್ ಓಕ್‌ನ ಕೊಂಬೆ ಮುರಿದು ಕೇಬಲನ್ನು ಕಾಫಿ ಗಿಡದ ಮೇಲೆ ಕೆಡವಿತ್ತು.

ನಾನು ಕೊಡೆ ಹಿಡಿದೆ, ಅವನು ಕೂತ. ರೈನ್‌ಕೋಟಿನ ತೋಳಿನಿಂದ ನೀರು ಸೋರ್ತಾ ಇತ್ತು, ಕಾಲಿಗೆ ಜಿಗಣೆ ಹತ್ತಿತ್ತು. ಅವನು ಅದನ್ನು ನೋಡಲೂ ಇಲ್ಲ, ಎರಡು ಬೆರಳಿನ ನಡುವಿನ ಎಳೆಯನ್ನೇ ನೋಡ್ತಿದ್ದ. ಮೇಲಿನ ಕವಚ ಸುಲಿದು, ಗಾಜನ್ನು ಸ್ಪಿರಿಟ್‌ನಿಂದ ಒರೆಸಿ, ತುದಿಯನ್ನು ನೇರಕ್ಕೆ ಕತ್ತರಿಸಿ, ಎರಡೂ ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದ ಒಳಗೆ ಎದುರುಬದುರು ಇಟ್ಟ. ಒಂದು ಸಣ್ಣ ಕಿಡಿ. ಗಾಜು ಕರಗಿ ಒಂದಾಯಿತು. ‘ಒಂದು ಹನಿ ನೀರು ಬಿದ್ರೆ ಮತ್ತೆ ಮೊದಲಿಂದ’ ಅಂದ. ಎರಡು ಸಲ ಮೊದಲಿಂದ ಮಾಡಬೇಕಾಯ್ತು, ನನ್ನ ಕೊಡೆಯ ಮೇಲೆ ಗಾಳಿಗೆ ಗೌರವ ಇರಲಿಲ್ಲ. ಸಂಜೆ ಕರೆಂಟ್ ಬಂದ ಮೇಲೆ ಟೊರಾಂಟೊದ ಪರದೆಯಲ್ಲಿ ಪಾಯಸ ಕಾಣಿಸಿತು.

ಸಮುದ್ರದಲ್ಲೂ ಇದೇ ಕೆಲಸ. ಅದು ತಿಳಿದ ಮೇಲೆ ಕೇಬಲ್ ಹುಡುಗನ ಮೇಲೆ ನನಗೆ ಗೌರವ ಇನ್ನೂ ಹೆಚ್ಚಾಯ್ತು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 150ರಿಂದ 200 ಸಲ ಸಮುದ್ರದ ಕೇಬಲ್‌ಗಳು ಕೆಡುತ್ತವೆ, ಹೆಚ್ಚಿನವು ಮೀನಿನ ಬಲೆ ಮತ್ತು ಹಡಗಿನ ಲಂಗರಿನಿಂದ. ದಡದಿಂದ ಸಂಕೇತ ಬಿಟ್ಟು ದೂರ ಅಳೀತಾರೆ, ರಿಪೇರಿ ಹಡಗು ಹೋಗ್ತದೆ, ಕೊಕ್ಕೆ ಇಳಿಸಿ ತುಂಡಾದ ತುದಿಗಳನ್ನು ಮೇಲಕ್ಕೆ ಎಳೀತಾರೆ, ಹಡಗಿನೊಳಗೆ ಕೂತು ಗಾಜಿಗೆ ಗಾಜು ಬೆಸೀತಾರೆ. ಅಲ್ಲಿ ಜಿಗಣೆ ಇಲ್ಲ, ಅಷ್ಟೆ ವ್ಯತ್ಯಾಸ. ಹಡಗು ಹೋಗಲು ಸಾಧ್ಯವಾದರೆ ಮಾತ್ರ ಅನ್ನೋದು ಇನ್ನೊಂದು ಮಾತು.

ಹಡಗು ಹೋಗಲಾಗದ ಜಾಗವೊಂದರ ಕಥೆ ಓದಿದಾಗ ನನಗೆ ಹಟ್ಟಿಹೊಳೆ ನೆನಪಾಗಿತ್ತು. ಅಮೆರಿಕದ ಅಲಾಸ್ಕಾ ರಾಜ್ಯದ ಉತ್ತರದ ತುದಿಯಲ್ಲಿ ಉಟ್ಕಿಯಾಗ್ವಿಕ್ ಅಂತ ಒಂದು ಊರು. ಸುಮಾರು ಐದು ಸಾವಿರ ಜನ, ಬಹುಪಾಲು ಇನ್ಯೂಪಿಯಾಟ್ ಸಮುದಾಯದವರು. ಹೊರಗಿನಿಂದ ಊರಿಗೆ ರಸ್ತೆಯೇ ಇಲ್ಲ. 2017ರ ಕೊನೆಯಲ್ಲಿ ಆರ್ಕ್‌ಟಿಕ್ ಸಮುದ್ರದ ತಳದಲ್ಲಿ ಸುಮಾರು 1,900 ಕಿ.ಮೀ. ಕೇಬಲ್ ಬಂದು ಆ ಕರಾವಳಿಯ ಹಳ್ಳಿಗಳಿಗೆ ಒಳ್ಳೆಯ ಇಂಟರ್ನೆಟ್ ಸಿಕ್ಕಿತು. 2023ರ ಜೂನ್‌ನಲ್ಲಿ ಅದು ತುಂಡಾಯಿತು. ಕಾರಣ ಮಂಜುಗಡ್ಡೆ. ಗುಡ್ಡದಂಥ ಮಂಜುಗಡ್ಡೆಯ ಬುಡ ಸಮುದ್ರದ ತಳವನ್ನು ನೇಗಿಲಿನ ಹಾಗೆ ಉಳುತ್ತಾ ಹೋಗ್ತದೆ, ಅದರ ಸಾಲಿಗೆ ಕೇಬಲ್ ಸಿಕ್ಕಿತು. ಮಂಜು ಸರಿದು ಹಡಗು ಹೋಗಿ ರಿಪೇರಿ ಮುಗಿಯುವಾಗ ಸೆಪ್ಟೆಂಬರ್. 2025ರ ಜನವರಿಯಲ್ಲಿ ಮತ್ತೆ ಕಡಿಯಿತು. ಜನವರಿ ಅಂದರೆ ಅಲ್ಲಿ ಸೂರ್ಯನೇ ಸರಿಯಾಗಿ ಹುಟ್ಟದ ಕಾಲ, ಕಡಲಿಡೀ ಹೆಪ್ಪುಗಟ್ಟಿರ್ತದೆ. ಬೇಸಿಗೆಯ ತನಕ ಕಾಯದೆ ಬೇರೆ ದಾರಿ ಇಲ್ಲ.

ಆರ್ಕ್‌ಟಿಕ್‌ನ ಇನ್ನೊಂದು ಕಡೆ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಿವೆ. ಅದರ ಮುಖ್ಯ ಊರು ಲಾಂಗ್‌ಇಯರ್‌ಬ್ಯೇನ್, ಜನಸಂಖ್ಯೆ ಸುಮಾರು 2,500. ನಮ್ಮ ದೇಶದ ‘ಹಿಮಾದ್ರಿ’ ಸಂಶೋಧನಾ ಕೇಂದ್ರವೂ 2008ರಿಂದ ಅದೇ ದ್ವೀಪಸಮೂಹದ ನ್ಯೂ ಓಲೆಸುಂಡ್‌ನಲ್ಲಿದೆ. ಅಲ್ಲಿಗೆ ನಾರ್ವೆಯಿಂದ ಹಾಕಿದ್ದು ಒಂದಲ್ಲ, ಎರಡು ಕೇಬಲ್. ಒಂದೊಂದೂ 1,300 ಕಿ.ಮೀ.ಗಿಂತ ಉದ್ದ. 2022ರ ಜನವರಿಯಲ್ಲಿ ಒಂದು ಕೆಟ್ಟಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು, ಆದರೆ ಊರಿನ ಇಂಟರ್ನೆಟ್ ನಿಲ್ಲಲಿಲ್ಲ. ಎರಡನೆಯದು ಹೊರೆ ಹೊತ್ತಿತು.

ನಮ್ಮ ಪಕ್ಕದಲ್ಲೇ ಇರುವ ಲಕ್ಷದ್ವೀಪವನ್ನು ನೋಡಿ. ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ತರಕಾರಿ, ಮರಳು, ಜಲ್ಲಿ ಹೋಗೋದು ಹಳೆಯ ಕಥೆ. ಇಂಟರ್ನೆಟ್ ಮಾತ್ರ ಉಪಗ್ರಹದಿಂದಲೇ ಬರಬೇಕಿತ್ತು, ಇಡೀ ದ್ವೀಪಗಳಿಗೆಲ್ಲ ಸೇರಿ 1.7 ಜಿಬಿಪಿಎಸ್. ಬೆಂಗಳೂರಿನ ಒಂದೆರಡು ದೊಡ್ಡ ಅಪಾರ್ಟ್‌ಮೆಂಟ್‌ಗೂ ಅದು ಸಾಲದು. 2024ರ ಜನವರಿ 3ರಂದು ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಉದ್ಘಾಟನೆಯಾಗಿ ಅದು 200ಕ್ಕೆ ಏರಿತು. ಹನ್ನೊಂದು ದ್ವೀಪ, ಸುಮಾರು 1,868 ಕಿ.ಮೀ. ಓದಿದಾಗ ಖುಷಿಯಾಯ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು. ಕೊಡಗಿನ ಕೆಲವು ಮೂಲೆಗಳೂ ದ್ವೀಪಗಳೇ ಅಲ್ಲವಾ? ಸುತ್ತ ನೀರಿನ ಬದಲು ಕಾಡು, ಅಷ್ಟೆ. ಕೋವಿಡ್ ಕಾಲದಲ್ಲಿ ಶನಿವಾರಸಂತೆ ಹತ್ತಿರದ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ, ಅಲ್ಲಿ ಕೂತು ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿದ್ದನ್ನು ನೀವೂ ಓದಿರಬಹುದು. ನಾವೆಲ್ಲ ಫೋಟೊ ಶೇರ್ ಮಾಡಿ ‘ಸೂಪರ್ ಸರ್’ ಅಂದೆವು. ಪಾಠ ಮಾಡೋಕೆ ಮೇಷ್ಟ್ರು ಮರ ಹತ್ತಬೇಕಾಗಿ ಬಂದದ್ದಕ್ಕೆ ನನಗೆ ಬಂದದ್ದು ಸಿಟ್ಟು.

ಕೇಬಲ್ ಬರೋದು ಮೊದಲ ಮಾತು. ಎರಡನೇ ದಾರಿ ಇದೆಯಾ ಅನ್ನೋದು ಅದಕ್ಕಿಂತ ದೊಡ್ಡ ಮಾತು. 2024ರ ಆರಂಭದಲ್ಲಿ ಕೆಂಪು ಸಮುದ್ರದಲ್ಲಿ ಕೆಲವು ಕೇಬಲ್‌ಗಳು ತುಂಡಾದವು. ಬೆಂಗಳೂರಿನಲ್ಲಿ ಕೂತ ನಮ್ಮಲ್ಲಿ ಬಹುತೇಕರಿಗೆ ಗೊತ್ತೇ ಆಗಲಿಲ್ಲ, ಯಾಕಂದ್ರೆ ಬೇರೆ ದಾರಿಗಳಿದ್ದವು. ಉಟ್ಕಿಯಾಗ್ವಿಕ್‌ಗೆ ಇರಲಿಲ್ಲ. ಹಟ್ಟಿಹೊಳೆಗೆ?

ಕೊಡಗಿನಿಂದ ಹೊರಗೆ ಹೋಗೋ ರಸ್ತೆಗಳೇನೋ ಹಲವಿವೆ: ಕುಶಾಲನಗರದ ಕಡೆ ಒಂದು, ಸಂಪಾಜೆ, ತಿತಿಮತಿ, ಮಾಕುಟ್ಟ, ಕುಟ್ಟ, ಕರಿಕೆ, ಶನಿವಾರಸಂತೆ. ಗುಡ್ಡಗಾಡಿನಲ್ಲಿ ಕೇಬಲ್‌ಗಳೂ ರಸ್ತೆಯ ಬದಿಯನ್ನೇ ಹಿಡಿಯುತ್ತವೆ, ಬೇರೆ ಎಲ್ಲಿ ಅಗೆಯೋಕಾಗ್ತದೆ? ರಸ್ತೆ ಜಾರಿದರೆ ಕೇಬಲ್ಲೂ ಜಾರುತ್ತದೆ. ಎರಡು ಕಂಪನಿಯ ಎರಡು ಕೇಬಲ್ ಒಂದೇ ರಸ್ತೆಯ ಎರಡು ಬದಿಯಲ್ಲಿದ್ದರೆ, ಗುಡ್ಡಕ್ಕೆ ಅದು ಒಂದೇ. ಫೋನಿನಲ್ಲಿ ಎರಡು ಸಿಮ್ ಇದೆ ಅಂತ ನಿಶ್ಚಿಂತೆಯಿಂದ ಇರೋರಿಗೂ ಇದೇ ಮಾತು. ಎರಡೂ ಸಿಮ್‌ನ ಸಿಗ್ನಲ್ ಒಂದೇ ಟವರಿನಿಂದ ಬರ್ತಿದ್ದರೆ, ಆ ಟವರಿನ ಬ್ಯಾಟರಿ ಮುಗಿದು ಡೀಸೆಲ್ ತರೋ ಜೀಪು ರಸ್ತೆಯಲ್ಲಿ ಸಿಕ್ಕಿಬಿದ್ದ ರಾತ್ರಿ ಎರಡೂ ಒಟ್ಟಿಗೆ ಸಾಯ್ತವೆ.

2018ರ ಆಗಸ್ಟ್ 16, ಗುರುವಾರ. ಬೆಳಿಗ್ಗೆ ದೊಡ್ಡಪ್ಪ ಫೋನ್ ಮಾಡಿ, ‘ಮಳೆ ಜೋರುಂಟು, ಗುಡ್ಡದಿಂದ ಕೆಸರು ನೀರು ಬರ್ತಾ ಉಂಟು’ ಅಂದಿದ್ದರು. ಮಧ್ಯಾಹ್ನ ರಿಂಗ್ ಆಗಲಿಲ್ಲ. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಅಂತ ಒಂದೊಂದೇ ಹೆಸರು ಟಿವಿಯಲ್ಲಿ ಬರತೊಡಗಿತು. ಬೆಟ್ಟಗಳು ಮೇಲಿಂದ ಕೆಳಗೆ ಕೆಂಪಗೆ ಸೀಳಿದ ಚಿತ್ರ ನೀವೂ ನೋಡಿರ್ತೀರಿ. ಅದರಲ್ಲಿ ನಾನು ಹುಡುಕ್ತಿದ್ದದ್ದು ಒಂದು ಹಂಚಿನ ಮಾಡು. ಅಣ್ಣ ಟೊರಾಂಟೊದಿಂದ ಗಂಟೆಗೊಮ್ಮೆ ಫೋನ್ ಮಾಡಿ ಕೇಳ್ತಿದ್ದ, ‘ಸಿಕ್ಕಿದ್ರಾ?’ ಹತ್ತು ಸಾವಿರ ಕಿ.ಮೀ.ಗೂ ಆಚೆಯ ಅವನ ದನಿ ಪಕ್ಕದ ಕೋಣೆಯಲ್ಲಿದ್ದಷ್ಟು ಸ್ಪಷ್ಟ. 270 ಕಿ.ಮೀ. ದೂರದ ಮನೆಯಿಂದ ಮಾತ್ರ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅನ್ನೋ ರೆಕಾರ್ಡಿಂಗು. ಮೊಬೈಲ್ ಇಲ್ಲ, ಕರೆಂಟ್ ಇಲ್ಲ, ಕಂಬಗಳು ಮಣ್ಣಿನಡಿ ಹೋಗಿ ಲ್ಯಾಂಡ್‌ಲೈನೂ ಇಲ್ಲ. ಭಾನುವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕಾಲ್ ಬಂತು. ದೊಡ್ಡಮ್ಮ. ಪರಿಹಾರ ಕೇಂದ್ರದಲ್ಲಿ ಯಾರದ್ದೋ ಫೋನ್ ಕೇಳಿ ಪಡೆದಿದ್ದರು. ‘ನಾವು ಇದ್ದೇವೆ. ದನ ಬಿಟ್ಟು ಬಂದೆವು’ ಅಂದರು. ಫೋನ್ ಕೊಟ್ಟವರಿಗೆ ಬ್ಯಾಟರಿ ಕಮ್ಮಿ ಇತ್ತಂತೆ, ಅಷ್ಟರಲ್ಲೇ ಮುಗಿಸಿದರು.

ಮನೆ ಉಳಿಯಿತು, ತೋಟದ ಮೇಲಿನ ಅರ್ಧ ಹೋಯಿತು. ಅಲ್ಲಿಗೆ ವಾಪಸ್ ಹೋಗಬೇಡಿ, ಬೆಂಗಳೂರಿಗೆ ಬನ್ನಿ ಅಂತ ನಾವಿಬ್ಬರೂ ಹೇಳಿ ಹೇಳಿ ಸೋತೆವು. ‘ಅಲ್ಲಿ ಬಂದು ಎಂಥ ಮಾಡುದು, ಬಾಲ್ಕನಿಯಲ್ಲಿ ಕೂರುದಾ?’ ಅಂದರು ದೊಡ್ಡಪ್ಪ. ಅದು ಅವರ ತೀರ್ಮಾನ. ಅಲ್ಲೇ ಇರ್ತಾರೆ ಅಂದ ಮೇಲೆ ತಲುಪುವ ದಾರಿಗಳನ್ನು ಹೆಚ್ಚಿಸೋದು ನಮ್ಮ ಕೆಲಸವಾಯಿತು. ಮಡಿಕೇರಿಯ ಕಡೆಯಿಂದ ಬರುವ ಫೈಬರ್ ಒಂದು. ಹಳೆಯ ತಾಮ್ರದ ಲ್ಯಾಂಡ್‌ಲೈನ್ ಇನ್ನೊಂದು, ಅದು ಮಾದಾಪುರದ ಕಡೆಯ ಎಕ್ಸ್‌ಚೇಂಜಿನಿಂದ ಬರ್ತದೆ, ಅಂದರೆ ಗುಡ್ಡದ ಆಚೆ ಬದಿಯಿಂದ. ಸುತ್ತಲಿನವರೆಲ್ಲ ಲ್ಯಾಂಡ್‌ಲೈನ್ ತೆಗೆಸಿದಾಗ ದೊಡ್ಡಪ್ಪ ತೆಗೆಸಲಿಲ್ಲ. ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರ್ತದೆ, ಮನೆಯಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ಅದು ಟ್ರಿಣ್ ಅನ್ನುತ್ತದೆ. ಎರಡು ಸಿಮ್, ಬೇರೆ ಬೇರೆ ದಿಕ್ಕಿನ ಟವರಿನದ್ದೇ ಆಗಬೇಕು ಅಂತ ಜಗಲಿಯಲ್ಲಿ ಒಂದು, ಹಿತ್ತಲಲ್ಲಿ ಒಂದು ಹಿಡಿದು ಪರೀಕ್ಷೆ ಮಾಡಿ ತಗೊಂಡದ್ದು. ಊರಲ್ಲಿ ವಯಸ್ಸಾದವರನ್ನು ಬಿಟ್ಟು ಬಂದ ನನ್ನ ವಯಸ್ಸಿನವರಿಗೆ ಹೇಳುವುದಿಷ್ಟು: ಮುಂದಿನ ಸಲ ಹೋದಾಗ ಈ ಪರೀಕ್ಷೆಗೆ ಅರ್ಧ ಗಂಟೆ ಇಡಿ. ಹೋಮ್‌ಸ್ಟೇಯಲ್ಲಿ ‘ವೈಫೈ ಇದೆಯಾ’ ಅಂತ ಕೇಳಿ ಲ್ಯಾಪ್‌ಟಾಪ್ ತೆರೆಯೋರು, ಕರೆಂಟ್ ಹೋದರೂ ಇರುತ್ತದೆಯಾ ಅಂತ ಒಮ್ಮೆ ಕೇಳಿ ನೋಡಿ. ಮಾಲೀಕರ ಮುಖದಲ್ಲಿ ಒಂದು ಬಗೆಯ ನಗು ಬರ್ತದೆ.

ಇನ್ನು ಮಳೆಯ ಲೆಕ್ಕ. ಕೊಡಗಿನ ತೋಟದ ಮನೆಗಳ ಅಂಗಳದಲ್ಲಿ ಮಳೆಮಾಪಕ ಇರ್ತದೆ. ಅಳತೆ ಇವತ್ತಿಗೂ ಇಂಚು ಮತ್ತು ಸೆಂಟ್ಸ್‌ನಲ್ಲೇ, ನೂರು ಸೆಂಟ್ಸ್‌ಗೆ ಒಂದು ಇಂಚು. ಬೆಳಿಗ್ಗೆ ಎಂಟಕ್ಕೆ ಅಳೆದು ಡೈರಿಯಲ್ಲಿ ಬರೆಯೋದು ಅಜ್ಜನ ಕಾಲದ ರೂಢಿ. ಈಗ ಡೈರಿಯ ಜೊತೆ ವಾಟ್ಸ್ಆ್ಯಪ್ ಗುಂಪೂ ಇದೆ. ಸುತ್ತಿನ ಇಪ್ಪತ್ತೊಂದು ಮನೆಯವರು ಅಂದಂದಿನ ಅಳತೆ ಹಾಕ್ತಾರೆ, ನಮ್ಮಂಥ ಹೊರಗಿರೋ ಮಕ್ಕಳೂ ಅದರಲ್ಲಿ ಇದ್ದೇವೆ. ಮೊದಮೊದಲು ನಾನು ಸಂಖ್ಯೆಗಳನ್ನಷ್ಟೇ ನೋಡ್ತಿದ್ದೆ, ಯಾರ ಮನೆಯಲ್ಲಿ ಎಷ್ಟು ಅಂತ. ಈಗ ನೋಡೋದು ಯಾರ ಸಂಖ್ಯೆ ಬಂದಿಲ್ಲ ಅಂತ. ಎಂಟೂವರೆಯವರೆಗೂ ಒಂದು ಮನೆಯದ್ದು ಬರದಿದ್ದರೆ ಹತ್ತಿರದವರು ಫೋನ್ ಮಾಡ್ತಾರೆ. ಫೋನ್ ಹೋಗದಿದ್ದರೆ ಗಂಬೂಟು ಹಾಕ್ಕೊಂಡು ಯಾರಾದರೂ ಹೊರಡ್ತಾರೆ. ಯಾವ ಇಲಾಖೆಯೂ ಮಾಡಿದ ನಿಯಮ ಅಲ್ಲ ಇದು, ಹಾಗೇ ಆಗಿಬಂತು.

ಈ ಜುಲೈನ ಒಂದು ಮಂಗಳವಾರ, ಇಪ್ಪತ್ತು ಸಂಖ್ಯೆ ಬಂದಿತ್ತು. ನಮ್ಮದೇ ಇಲ್ಲ. ಎಂಟು ಇಪ್ಪತ್ತಕ್ಕೆ ಆಫೀಸ್ ಕ್ಯಾಬ್‌ನಲ್ಲಿ ಕೂತು ಫೋನ್ ಮಾಡಿದೆ, ಮೊದಲ ಸಿಮ್ಮು ಹೋಗಲಿಲ್ಲ, ಎರಡನೆಯದೂ ಇಲ್ಲ. ಲ್ಯಾಂಡ್‌ಲೈನ್ ನಂಬರ್ ಒತ್ತಿದೆ. ಆರನೇ ರಿಂಗಿಗೆ ಎತ್ತಿದರು, ಹಿಂದೆ ಹಂಚಿನ ಮೇಲೆ ಮಳೆ ಹೊಯ್ಯೋ ಸದ್ದು.

‘ನೆಟ್ಟಿಲ್ಲ, ಕೇಬಲ್ ಹುಡುಗ ಹೊರಟಿದ್ದಾನಂತೆ. ನಾಲ್ಕು ಇಂಚು ಹತ್ತು ಸೆಂಟ್ಸ್. ಗ್ರೂಪಿಗೆ ನೀನೇ ಹಾಕು.’